ಸುಮ್ಮನೆ ಹೋಗಿಬರುವ ಸೈಕಲ್ಲು

ಮೊನ್ನೆ ಮೊನ್ನೆಯವರೆಗೆ ನೀವು ಪುಣೆಯ ಕೋಥರೂಡದ ನಮ್ಮ ಮನೆಗೆ ಬಂದಿದ್ದರೆ, ಬಾಗಿಲು ತೆರೆದ ಕೂಡಲೇ ನಿಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಒಂದು ಸೈಕಲ್ಲು, ಮತ್ತು ಅದರ ಹ್ಯಾಂಡಲ್ಲಿನಿಂದ ಸೀಟಿನವರೆಗೆ ಒಣಗಲು ಹರವಿದ ನಮ್ಮ ಯಜಮಾನರ ಪಂಚೆ. ಸೈಕಲ್ಲು ಎಂದೆನೇ? ತಾಳಿ, ಅದನ್ನು ಸೈಕಲ್ಲು ಎನ್ನಬಹುದೋ ಬಾರದೋ ಎಂಬಲ್ಲಿಂದಲೇ ನನ್ನ ಗೊಂದಲ ಶುರುವಾಗುತ್ತದೆ. ಅದಕ್ಕೆ ಪೆಡಲು ಇದೆ, ಸೀಟು ಇದೆ, ಎಷ್ಟು ದೂರ ಬಂದಿರಿ ಎಂದು ಹೇಳುವ ಸಣ್ಣದೊಂದು ಪರದೆಯೂ ಇದೆ. ನೆಲಕ್ಕೆ ತಾಗುವ ಗಾಲಿ ಮಾತ್ರ ಇಲ್ಲ. ಬೆವರು ಹರಿಯುವಷ್ಟು ತುಳಿದು ತಲೆಯೆತ್ತಿ ನೋಡಿದರೆ ಎದುರಿಗೆ ಅದೇ ಗೋಡೆ, ಗೋಡೆಯ ಮೇಲೆ ಅದೇ ಕ್ಯಾಲೆಂಡರು.

ನಾನು ಕೇಳಿದ್ದು ಇದನ್ನಲ್ಲ. ನಾನು ಕೇಳಿದ್ದು ಹಳೆಯ ಮಾದರಿಯ, ಮೂರು ಗೇರಿನ, ನೆಟ್ಟಗೆ ಬೆನ್ನು ಇಟ್ಟು ಕೂತು ತುಳಿಯುವಂಥ ಒಂದು ಸಾದಾ ಸೈಕಲ್ಲು. ಅದೂ ನಮ್ಮ ಕೈಗೆ ಎಟಕುವ ಬೆಲೆಯದು. ಯಾಕೆ ಕೇಳಿದೆ ಎಂದರೆ ಅದಕ್ಕೊಂದು ಕತೆ ಇದೆ.

ಹೋದ ವರ್ಷ ಮಳೆಗಾಲದಲ್ಲಿ ಪೌಡ ರಸ್ತೆಯ ತಿರುವಿನಲ್ಲಿ ನನ್ನ ಸ್ಕೂಟರು ಜಾರಿ ಮಣಿಕಟ್ಟು ಮುರಿಯಿತು. ಕೈ ಕೂಡಿಕೊಂಡಿತು, ಆದರೆ ಪ್ಲಾಸ್ಟರು ಬಿಚ್ಚುವಷ್ಟರಲ್ಲಿ ಸ್ಕೂಟರು ಮನೆಯಲ್ಲಿರಲಿಲ್ಲ. ಊರಿನ ಇನ್ನೊಂದು ತುದಿಗೆ ವಿಮಾನ ನಗರದಲ್ಲಿರುವ ಮಗಳು ಸುಧಾ ಅದನ್ನು ಮಾರಿಬಿಟ್ಟಿದ್ದಳು. ಅಂದಿನಿಂದ ನನಗೆ ಎಲ್ಲಿಗೆ ಹೋಗಬೇಕಾದರೂ ಅವಳೇ ತನ್ನ ಫೋನಿನಿಂದ ರಿಕ್ಷಾ ಕಳಿಸುತ್ತಾಳೆ. ನನ್ನ ಫೋನಿಗೂ ಅದೇನೋ ಮಾಡಿಟ್ಟಿದ್ದಾಳೆ. ನಾನು ಪುಣೆಯ ಯಾವ ಗಲ್ಲಿಯಲ್ಲಿದ್ದರೂ ಅವಳ ಪರದೆಯ ಮೇಲೆ ಒಂದು ನೀಲಿ ಚುಕ್ಕೆಯಾಗಿ ಕಾಣುತ್ತೇನಂತೆ. ಒಂದು ದಿನ ಕಾಯಿಪಲ್ಲೆ ಮಂಡಿಯ ಹತ್ತಿರ ಹೂ ಮಾರುವವಳು ಶಾವಂತಿಗೆ ದಂಡೆ ಕಟ್ಟುವ ಚಂದ ನೋಡುತ್ತ ನಿಂತಿದ್ದೆ. ಫೋನು ಬಾರಿಸಿತು. “ಅವ್ವಾ, ಅಲ್ಲೇ ಯಾಕ ನಿಂತೀ ಇಷ್ಟೊತ್ತು? ಆರಾಮ ಅದೀ ಇಲ್ಲೋ?” ಎಂದಳು. ಆರಾಮ ಇದ್ದೇನೆ ಎಂದೆ. “ಮತ್ತ ಯಾಕ ನಿಂತೀ?” ಅವಳ ಕಾಳಜಿ ನನಗೆ ಗೊತ್ತು. ಆದರೂ ಆ ದಿನ ರಿಕ್ಷಾದಲ್ಲಿ ಕೂತು ಬರುವಾಗ, ಕಾರಣ ಹೇಳದೆ ಒಂದು ಕಡೆ ನಿಲ್ಲುವ ಅಧಿಕಾರವೂ ನನ್ನ ಕೈಬಿಟ್ಟು ಹೋಯಿತೇ ಅನ್ನಿಸಿತು. ಅಂದೇ ರಾಗ ತೆಗೆದೆ: ನನಗೊಂದು ಸೈಕಲ್ಲು ಬೇಕು, ಸುಮ್ಮನ ತುಳೀಲಿಕ್ಕೆ.

ಮುಂದಿನ ವಾರವೇ ಅಳಿಯ ಲಿಫ್ಟಿನಿಂದ ಏದುಸಿರು ಬಿಡುತ್ತ ಈ ನಿಂತ ಸೈಕಲ್ಲನ್ನು ಇಳಿಸಿದ. ಸುಧಾ ಮುಖ ಅರಳಿಸಿಕೊಂಡು ಅದರ ಗುಂಡಿ ತಿರುಗಿಸಿ ತೋರಿಸಿದಳು. “ನೀ ಮೂರ ಗೇರ್ ಅಂದಿದ್ದಿ, ಇದಕ್ಕ ಎಂಟ ಅದಾವ ನೋಡು. ಮೊಬೈಲ್ ಇಡ್ಲಿಕ್ಕೆ ಟ್ರೇನೂ ಅದ. ಬೀಳೂ ಹೆದರಿಕಿಲ್ಲ, ಏನಿಲ್ಲ.” ನಾನು ಏನು ಹೇಳಲಿ? ಇಷ್ಟು ಪ್ರೀತಿಯಿಂದ ಇಷ್ಟು ತಪ್ಪಾಗಿ ಯಾರಾದರೂ ನಿಮ್ಮನ್ನು ಅರ್ಥ ಮಾಡಿಕೊಂಡಿದ್ದರೆ ನನ್ನ ಪೇಚು ನಿಮಗೆ ತಿಳಿದೀತು. ಭಾಳ ಚಲೋ ಅದ ಎಂದೆ. ಅವರು ಹೋದ ಮೇಲೆ ಪಂಚೆ ಒಣಹಾಕಿದೆ.

ಮೂರೇ ಗೇರು ಯಾಕೆ ಎಂದು ನೀವೂ ಕೇಳುವವರೇ. ಅದು ನಮ್ಮ ಗೌರತ್ತಿಯಿಂದ ಅಂಟಿದ ಹುಚ್ಚು. ಗೌರತ್ತಿ ಎಂದರೆ ನನ್ನ ಸೋದರತ್ತೆ. ಗಂಡನ ಮನೆ ಬಿಟ್ಟು ಬಂದು ನಮ್ಮ ಬಿಜಾಪುರದ ದವಾಖಾನೆಯಲ್ಲಿ ನರ್ಸಾಗಿದ್ದವಳು. ಊರು ಬಿಟ್ಟು ಹೊರಟ ಒಬ್ಬ ದೊರೆಸಾನಿ ಅವಳಿಗೆ ತನ್ನ ಹಸಿರು ಸೈಕಲ್ಲನ್ನು ಕೊಟ್ಟುಹೋಗಿದ್ದಳು. ಅದರ ಗೇರು ಹೊರಗೆ ಕಾಣುತ್ತಿರಲಿಲ್ಲ, ಹಿಂದಿನ ಗಾಲಿಯ ನಡುವಿನ ಗುಂಬದೊಳಗೆ ಅಡಗಿತ್ತು. ಹ್ಯಾಂಡಲ್ಲಿನ ಮೇಲೆ ಒಂದು ಸಣ್ಣ ಕಡ್ಡಿ, ಅದರ ಪಕ್ಕ ಒಂದು, ಎರಡು, ಮೂರು ಎಂದು ಕೊರೆದ ಅಂಕಿ. ಅದನ್ನು ತುಳಿಯಲು ನನಗೆ ಕಲಿಸಿದವಳೂ ಅವಳೇ. ಪಕ್ಕದಲ್ಲಿ ಓಡುತ್ತ ಬಯ್ಯುತ್ತಿದ್ದಳು: “ಮೊದ್ಲ ಕಾಲ ನಿಂದ್ರಸು, ಹುಡುಗೀ, ಆಮ್ಯಾಲ ಕಡ್ಡಿ ಜಗ್ಗು! ತುಳಕೋತ ಜಗ್ಗಿದ್ರ ಅದು ಕೇಳೂದಿಲ್ಲ.” ಇಡೀ ಊರಿನ ಹೆರಿಗೆಗಳಿಗೆ ಅವಳು ಹೋಗಿಬರುತ್ತಿದ್ದದ್ದು ಅದರ ಮೇಲೆ. ಹೊತ್ತು ಮುಳುಗಿದರೆ ನಮ್ಮಜ್ಜಿ ಹತ್ತಿ ಬತ್ತಿ ಹೊಸೆಯುವ ನೆವ ಮಾಡಿ ಮನೆಯ ಮುಂದಿನ ಕಟ್ಟೆಗೆ ಬಂದು ಕೂಡುತ್ತಿದ್ದಳು. ದೂರದಿಂದ ಆ ಗಾಲಿಯ ಟಿಕ್ ಟಿಕ್ ಸಪ್ಪಳ ಕೇಳಿಸಿದ್ದೇ ತಡ, ಎದ್ದು ಒಳಗೆ ಹೋಗಿ ರೊಟ್ಟಿಯ ಹಂಚು ಒಲೆಗೇರಿಸಿ, ಗೌರತ್ತಿ ಒಳಗೆ ಬಂದಾಗ ತಾನು ಕಾಯುತ್ತಲೇ ಇರಲಿಲ್ಲವೆಂಬಂತೆ ಮುಖ ಬಿಗಿದುಕೊಳ್ಳುತ್ತಿದ್ದಳು.

ಒಂದು ಮಾತ್ರ ನನಗೆ ಅಂದು ತಿಳಿದಿರಲಿಲ್ಲ. ಊರ ತುಂಬ ಎಲ್ಲ ಏರುಗಳಲ್ಲೂ ಹಗುರವಾದ ಒಂದನೇ ಗೇರು ಹಾಕುವ ಗೌರತ್ತಿ, ನಮ್ಮ ಮನೆಯ ಮುಂದಿನ ಏರನ್ನು ಮಾತ್ರ ಎರಡನೆಯದರಲ್ಲೇ, ಸೀಟು ಬಿಟ್ಟೆದ್ದು ತುಳಿದು ಏರುತ್ತಿದ್ದಳು. ಯಾಕತ್ತಿ ಎಂದು ಒಮ್ಮೆ ಕೇಳಿದ್ದೆ. “ಸುಮ್ಮನ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು.

ಹುಡುಕಲು ಹೊರಟಾಗ ಈ ‘ಸುಮ್ಮನೆ’ಯೇ ನನಗೆ ಮುಳುವಾಯಿತು. ಕೋಥರೂಡದಲ್ಲೇ ದೊಡ್ಡದೊಂದು ಸೈಕಲ್ ಅಂಗಡಿ ಇದೆ. ಅಲ್ಲಿಯ ತರುಣ ನಗುನಗುತ್ತ “ಕಾಕೂ, ಕಶಾಸಾಠೀ ಪಾಹಿಜೆ?” ಎಂದ. ಯಾತಕ್ಕೆ ಬೇಕು ಎಂದು. ತೂಕ ಇಳಿಸಲಿಕ್ಕೋ, ಆಫೀಸಿಗೆ ಹೋಗಲಿಕ್ಕೋ, ಸಿಂಹಗಡದ ಘಾಟು ಹತ್ತಲಿಕ್ಕೋ? ಪ್ರತಿಯೊಂದಕ್ಕೂ ಬೇರೆ ಬೇರೆ ಗೋಡೆಯ ತುಂಬ ಸೈಕಲ್ಲುಗಳು ತೂಗುತ್ತಿದ್ದವು. ‘ಅಸಂಚ್’ ಎಂದೆ, ಸುಮ್ಮನೆ ಎಂಬುದಕ್ಕೆ ಮರಾಠಿಯಲ್ಲಿ ನನಗೆ ಗೊತ್ತಿದ್ದದ್ದು ಅಷ್ಟೇ. ಅವನ ನಗು ಅರ್ಧಕ್ಕೆ ನಿಂತಿತು. ಸುಮ್ಮನೆಗೆ ಅವನಲ್ಲಿ ಗೋಡೆ ಇರಲಿಲ್ಲ. ಇಪ್ಪತ್ತೊಂದು ಗೇರಿನದು ತೋರಿಸಿದ, ಗೇರೇ ಇಲ್ಲದ ಗುಲಾಬಿ ಬುಟ್ಟಿಯದು ತೋರಿಸಿದ. ಕೊನೆಗೆ ಮೂರು ಗೇರಿನ ಪರದೇಶದ್ದೊಂದನ್ನು ಗಾಜಿನ ಆಚೆಗೇ ತೋರಿಸಿದ. ಅದರ ಬೆಲೆ ಕೇಳಿದ ಮೇಲೆ ಸುಧಾ ಮಾರಿದ ಸ್ಕೂಟರು ಬಲು ಅಗ್ಗವಾಗಿ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.

ಮನೆಗೆ ಬಂದರೆ ಇವರು, ಎಂದರೆ ನಮ್ಮ ಯಜಮಾನರು, ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾಡಲು ಸರಿಯಾದ ಕೆಲಸ ಸಿಕ್ಕಿತೆಂದು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನನ್ನ ತಲೆ ಇನ್ನಷ್ಟು ಕೆಡಿಸಿದರು. ಉಕ್ಕಿನದೋ ಅಲ್ಯುಮಿನಿಯಮ್ಮಿನದೋ? ಕೈಬ್ರೇಕು ಕಂಬಿಯದೋ ತಂತಿಯದೋ? “ನಿನಗ ಬೇಕಾಗಿದ್ದು ಯಾವುದು, ಅದನ್ನರೆ ಹೇಳು,” ಎಂದರೆ ನಾನು “ಅದಽ ಗೊತ್ತಾಗವಲ್ದು ನೋಡ್ರಿ,” ಎನ್ನುತ್ತಿದ್ದೆ. ಒಂದು ರವಿವಾರ ಇಬ್ಬರೂ ಜುನಾ ಬಜಾರಿಗೆ ಹೋದೆವು. ಹಳೆ ಬೀಗ, ಹಳೆ ಬೂಟು, ಹಳೆ ಹಿತ್ತಾಳೆಗಳ ನಡುವೆ ಅಂಥದೇ ಒಂದು ಸೈಕಲ್ಲು! ಕಡ್ಡಿ ಇತ್ತು, ಒಂದು ಎರಡು ಮೂರು ಇತ್ತು. ಆಸೆಯಿಂದ ಅದರ ತಂತಿಯ ಜಾಡು ಹಿಡಿದು ಬಗ್ಗಿದೆ. ತಂತಿ ಸೀಟಿನ ಕೆಳಗೆ ಬಂದು, ಒಂದು ಗಂಟು ಹಾಕಿಸಿಕೊಂಡು, ಅಲ್ಲೇ ಮುಗಿದಿತ್ತು. ಮಾರುವವನು ಮಾತ್ರ ಗೇರು ಇದೆ, ಇದೆ ಎಂದು ಆಣೆಯಿಡುತ್ತಲೇ ಇದ್ದ. ಇವರು ನಕ್ಕರು. ನನಗೆ ನಗು ಬರಲಿಲ್ಲ. ಈ ವಯಸ್ಸಿನಲ್ಲಿ ನನಗೆ ಬೇಕಾದದ್ದು ಸೈಕಲ್ಲೋ, ಗೌರತ್ತಿಯೋ, ಅಥವಾ ಅವಳ ಪಕ್ಕ ಓಡುತ್ತಿದ್ದ ಆ ಹುಡುಗಿಯೋ ಎಂದು ಆ ಗದ್ದಲದ ನಡುವೆ ನಿಂತು ಯೋಚಿಸಿದರೂ ಬಗೆಹರಿಯಲಿಲ್ಲ.

ಕಡೆಗೆ ಇವರ ಫೋನಿಗೇ ಒಂದು ಜಾಹೀರಾತು ಸಿಕ್ಕಿತು. ಪುಣೆ ಜಿಲ್ಲೆಯದೇ ಶಿರೂರಿನಲ್ಲಿ ಬೀಜದ ಅಂಗಡಿಯವರೊಬ್ಬರು ತಮ್ಮ ತಾಯಿಯ ಹಳೆಯ ಸೈಕಲ್ಲು ಮಾರುತ್ತಾರಂತೆ. ನಾನೊಬ್ಬಳೇ ಹೋಗುತ್ತೇನೆ ಎಂದೆ. ಇವರು ನನ್ನ ಮುಖ ನೋಡಿದರು, ಬೇಡವೆನ್ನಲಿಲ್ಲ. ಎಸ್ಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎಷ್ಟೋ ಕಾಲದ ಮೇಲೆ ಹಾಯಾಗಿ ಉಸಿರು ಬಿಟ್ಟೆ. ಮರೆತ ಸಂಗತಿ ಎಂದರೆ, ಶಿರೂರಿನ ದಾರಿ ವಿಮಾನ ನಗರದ ಪಕ್ಕದಲ್ಲೇ ಹಾಯುತ್ತದೆ. ಫೋನು ಬಾರಿಸಿತು. “ಅವ್ವಾ, ನಮ್ಮ ಮನಿ ಕಡೆ ಬಂದೀಯಲ್ಲಾ! ಅಯ್ಯ, ಮುಂದ ಯಾಕ ಹೊಂಟೀ? ಇಳೀಲಿಲ್ಲಾ?” ಶಿರೂರಿಗೆ ಹೊರಟೆ ಎಂದೆ. “ಶಿರೂರಾಗ ಏನದ?” ನಾನು ಸುಳ್ಳು ಹೇಳಬಹುದಿತ್ತು. “ಸುಮ್ಮನ,” ಎಂದೆ. “ಹೋದ ಕೂಡ್ಲೆ ಫೋನ್ ಮಾಡು,” ಎಂದು ಇಟ್ಟಳು. ದನಿ ಸಣ್ಣದಾಗಿತ್ತು. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಿರೂರಿನ ಆ ಅಂಗಡಿಯ ಹಿಂದೆ, ಬೀಜದ ಚೀಲಗಳ ಒಟ್ಟಿಲಿನ ಮರೆಯಲ್ಲಿ ಅದು ನಿಂತಿತ್ತು. ಹಸಿರಲ್ಲ, ಕಪ್ಪು, ಸೀಟಿನ ಚರ್ಮ ಬಿರಿದಿತ್ತು. ಮಾಲಕರು ಹಿಂದಿನ ಗಾಲಿ ಎತ್ತಿಹಿಡಿದು ಒಮ್ಮೆ ತಿರುಗಿಸಿದರು. ಟಿಕ್ ಟಿಕ್ ಟಿಕ್ ಟಿಕ್. ಕಂಬಿಯೋ ತಂತಿಯೋ ಎಂದು ಇವರು ಹೇಳಿಕಳಿಸಿದ್ದ ಪಾಠವೆಲ್ಲ ಮರೆತುಹೋಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಆ ಪುಣ್ಯಾತ್ಮರು ಬೆಲೆಯನ್ನು ತಾವೇ ಇಳಿಸಿ, ಪುಣೆಗೆ ಹೊರಟಿದ್ದ ಉಳ್ಳಾಗಡ್ಡಿ ಟೆಂಪೋದಲ್ಲಿ ಅದನ್ನು ಹೇರಿಸಿಕೊಟ್ಟರು. ಎಷ್ಟೋ ದಿನ ಅದಕ್ಕೆ ಉಳ್ಳಾಗಡ್ಡಿಯ ವಾಸನೆ ಇತ್ತು.

ಆಮೇಲೆ ಬೆಳಗಿನ ಹೊತ್ತು ಹೊರಡತೊಡಗಿದೆ. ಮೊದಲ ದಿನ ಎರಡಕ್ಕೂ ಮೂರಕ್ಕೂ ನಡುವೆ ಕಡ್ಡಿ ಸಿಕ್ಕಿಕೊಂಡು ಪೆಡಲು ಬರಿದೆ ಗಿರ್ರನೆ ತಿರುಗಿ ಜೀವ ಬಾಯಿಗೆ ಬಂದಿತ್ತು, ಬೀಳಲಿಲ್ಲ. ಗೌರತ್ತಿಯ ಬೈಗುಳ ನೆನೆದು ಕಾಲು ನಿಲ್ಲಿಸಿ ಜಗ್ಗಿದೆ, ಕೇಳಿತು. ಒಳ ಗಲ್ಲಿಗಳಲ್ಲಿ ಹೋಗುತ್ತೇನೆ, ಹಾಲಿನ ಅಂಗಡಿಯ ಮುಂದೆ, ಮಾರುತಿ ಗುಡಿಯ ಮುಂದೆ, ಮನಸ್ಸು ಬಂದಲ್ಲಿ ನಿಲ್ಲುತ್ತೇನೆ. ಫೋನನ್ನು ಮಾತ್ರ ಆ ನಿಂತ ಸೈಕಲ್ಲಿನ ಟ್ರೇದಲ್ಲಿ ಇಟ್ಟುಹೋಗುತ್ತಿದ್ದೆ. ನೀಲಿ ಚುಕ್ಕೆ ಮನೆಯಲ್ಲೇ ಜಾಣೆಯಾಗಿ ಇರುತ್ತಿತ್ತು. ಬೀಗುತ್ತ ತಿರುಗಿ ಬಂದರೆ ಇವರು ಹಬೆಯಾಡುವ ಚಹದ ಕಪ್ಪನ್ನು ಕೈಗಿಡುತ್ತಿದ್ದರು. ನಾನು ಬೇಗ ಬಂದರೂ ತಡವಾಗಿ ಬಂದರೂ ಚಹಾ ಮಾತ್ರ ಆಗ ತಾನೇ ಒಲೆಯಿಂದ ಇಳಿಸಿದ್ದು. ಅದೃಷ್ಟ ಎಂದುಕೊಂಡಿದ್ದೆ.

ಮೊನ್ನೆ ಒಂದು ರವಿವಾರ ಹೇಳದೆ ಕೇಳದೆ ಸುಧಾ ಮುಂಜಾನೆಯೇ ಬಂದಳು. ನಾನು ತಿರುಗಿ ಬಂದಾಗ ಬಾಗಿಲಲ್ಲೇ ನಿಂತಿದ್ದಳು, ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಕಣ್ಣು ಕೆಂಪಾಗಿದ್ದವು.

“ಇದನ್ನ ಇಲ್ಲೇ ಬಿಟ್ಟು ಹೋದ್ರ ಹೆಂಗವ್ವಾ? ಎಲ್ಲೆರೆ ಬಿದ್ದಿದ್ರ ನಮಗ ಹೆಂಗ ಗೊತ್ತಾಗಬೇಕು?” ಎಂದು ಜಗಳ ತೆಗೆದವಳು ನಡುವೆಯೇ ತಂದೆಯ ಕಡೆ ಕೈ ತೋರಿಸಿದಳು. “ಪಪ್ಪಾನ್ನ ಕೇಳಿದ್ರ, ತಡಿ, ಸಪ್ಪಳ ಬರ್ತದ ಅಂತಾರ! ಅರ್ಧಾ ತಾಸಿನಿಂದ ಇಬ್ಬರೂ ಬಾಲ್ಕನ್ಯಾಗ ನಿಂತೀವಿ.”

“ಯಾವ ಸಪ್ಪಳ?” ಎಂದೆ, ಗೊತ್ತಿದ್ದೂ.

ಇವರು ಚಹಾ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. “ನಿನ್ನ ಗಾಲೀದು. ಆ ಮೂಲ್ಯಾಗ ಬಂದಾಗನ ಕೇಳಸ್ತದ. ಕೇಳಿಸಿದ ಮ್ಯಾಲ ಚಾಕ್ಕ ಇಡ್ತೀನಿ,” ಎಂದರು. ಸ್ವಲ್ಪ ತಡೆದು, “ಒಂದೊಂದ ದಿನ ಗೇಟಿನ ಏರಿನ್ಯಾಗ ಸಪ್ಪಳ ನಿಂತ ಬಿಡ್ತದ. ಅವತ್ತ ಎದಿ ಧಸಕ್ಕಂತದ,” ಎಂದರು.

ಸಪ್ಪಳ ಯಾಕೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಆ ಸೈಕಲ್ಲು ಎರಡರಲ್ಲೂ ಮೂರರಲ್ಲೂ ಟಿಕ್ ಟಿಕ್ ಎನ್ನುತ್ತದೆ; ಒಂದನೇ ಗೇರಿನಲ್ಲಿ ತುಳಿದರೆ ಮೂಕ. ಗೇಟಿನ ಮುಂದಿನ ಏರಿಗೆ ಮೊಣಕಾಲು ಕೈಕೊಟ್ಟ ದಿನ ನಾನು ಒಂದಕ್ಕೆ ಇಳಿಸುತ್ತಿದ್ದೆ. ಕೈಯಲ್ಲಿ ಕಪ್ಪು ಹಿಡಿದು ಅಲ್ಲೇ ಕೂತುಬಿಟ್ಟೆ. ಬಿಜಾಪುರದ ಆ ಏರು, ಸೀಟು ಬಿಟ್ಟೆದ್ದು ತುಳಿಯುವ ಗೌರತ್ತಿ, ಕಟ್ಟೆಯ ಮೇಲೆ ಬತ್ತಿ ಹೊಸೆಯುವ ಅಜ್ಜಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಆ ಎರಡನೇ ಗೇರು ಯಾರಿಗಾಗಿ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತೇ ನನಗೆ?

ನಿಂತ ಸೈಕಲ್ಲು ಈಗ ಬಾಗಿಲ ಎದುರಿಗಿಲ್ಲ. ಇವರು ಅದನ್ನು ಬಾಲ್ಕನಿಗೆ ಒಯ್ದು ಗೇಟಿಗೆ ಎದುರಾಗಿ ಇಟ್ಟುಕೊಂಡಿದ್ದಾರೆ. ನಾನು ಹೊರಟ ಮೇಲೆ ವ್ಯಾಯಾಮದ ನೆವ ಮಾಡಿ ಅದರ ಮೇಲೆ ಕೂಡುತ್ತಾರೆ. ಟ್ರೇದಲ್ಲಿ ನನ್ನ ಫೋನು. ಸುಧಾ ಅದಕ್ಕೇ ಕರೆ ಮಾಡಿ “ಬಂದ್ಲಾ?” ಎಂದು ಕೇಳಿದರೆ, “ಇನ್ನಾ ಇಲ್ಲ, ತಡಿ,” ಎನ್ನುತ್ತಾರಂತೆ. ನಾನು ಎಲ್ಲಿಗೆ ಹೋಗುತ್ತೇನೆ, ಯಾಕೆ ಹೋಗುತ್ತೇನೆ ಎಂಬುದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ, ನೀವು ಕೇಳಿದರೆ ಇವತ್ತೂ ತಡವರಿಸುತ್ತೇನೆ. ಗೇಟಿನ ಮುಂದಿನ ಏರು ಬಂದಾಗ ಮಾತ್ರ ಕಡ್ಡಿಯನ್ನು ಮುಟ್ಟುವುದಿಲ್ಲ. ಮೊಣಕಾಲು ಎಷ್ಟೇ ಗೊಣಗಲಿ, ಸೀಟು ಬಿಟ್ಟೆದ್ದು ಎರಡನೇ ಗೇರಿನಲ್ಲೇ ಏರುತ್ತೇನೆ. ಪಕ್ಕದ ಮನೆಯಾಕೆ ನಿನ್ನೆ ನೋಡಿ, ಇಷ್ಟು ಕಷ್ಟಪಟ್ಟು ಯಾಕೆ ತುಳಿಯುತ್ತೀರಿ ಎಂದು ಕೇಳಿದಳು. ಸುಮ್ಮನೆ ಎಂದೆ.