ಹುಲ್ಲಿನ ಹುಡಿ

ಸ್ಸ್ ಎಂದು ಓಡುತ್ತಿದ್ದ ಗಿರಣಿ ಒಮ್ಮೆಲೇ ಗೊರ್ರ್ ಎಂದಿತು, ಕಫ ಕಟ್ಟಿದ ಗಂಟಲಿನ ಹಾಗೆ. ವೈಜಯಂತಿ ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು. ಹುಲ್ಲಿನಲ್ಲಿ ಇನ್ನೂ ತೇವವಿತ್ತು. ಪಂಜಾಬಿನ ಗದ್ದೆಯ ಭತ್ತದ ಹುಲ್ಲು; ಅಲ್ಲೇ ಸುಟ್ಟಿದ್ದರೆ ದಿಲ್ಲಿಗೆ ಹೊಗೆಯಾಗಿ ಬರುತ್ತಿತ್ತು, ಸುಡದ ಕಾರಣ ಚೀಲದಲ್ಲಿ ಬಂದಿತ್ತು. ಅದನ್ನು ಗೋಧಿಹಿಟ್ಟಿಗಿಂತ ನುಣ್ಣಗೆ ಅರೆದು, ಜರಡಿ ಹಿಡಿದು, ಡಬ್ಬಿಗೆ ತುಂಬಿ ಮೇಲಿನ ಮಹಡಿಯ ವಿಜ್ಞಾನಿಗಳಿಗೆ ಕಳಿಸುವುದು ಅವಳ ಕೆಲಸ. ಅದರಿಂದ ಇಂಧನ ತೆಗೆಯುವ ದಾರಿಯನ್ನು ಅವರು ಹುಡುಕುತ್ತಿದ್ದರು.

ಮೊದಲು ಇದು ಅವಳ ಗಂಡನ ಕೆಲಸ. ಗೋಪಿನಾಥ ಇಪ್ಪತ್ತಮೂರು ವರ್ಷ ಸಂಶೋಧನಾಲಯದ ಇದೇ ನೆಲಮಾಳಿಗೆಯಲ್ಲಿ ಹುಲ್ಲು, ಸಾಸಿವೆ ದಂಟು, ಕಬ್ಬಿನ ಸಿಪ್ಪೆ ಅರೆದ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಉಸಿರು ಸಾಲದೆ ಹೋದ. ಅನುಕಂಪದ ಮೇಲೆ ಹೆಂಡತಿಗೆ ನೌಕರಿ ಕೊಟ್ಟರು. ಬೇರೆ ಜಾಗ ಖಾಲಿ ಇರಲಿಲ್ಲ. ಅದೇ ಸ್ಟೂಲು, ಅದೇ ಬ್ರಷ್ಷು, ಅದೇ ಗಿರಣಿ.

ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಘಾಜಿಯಾಬಾದಿನ ಎರಡು ಕೋಣೆಯ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಗಿರಣಿಯ ದನಿಗಳನ್ನೆಲ್ಲ ಬಾಯಲ್ಲಿ ಹೊರಡಿಸಿ ಮಗಳು ಸಿಂಧೂರಳನ್ನು ನಗಿಸುತ್ತಿದ್ದ. ಹೊಸ ಮಾದರಿ ಹಾಕುವಾಗ ಮೊದಲ ಹಿಡಿಯನ್ನು ಅರೆದು ಚೆಲ್ಲಬೇಕು, ಅದರಲ್ಲಿ ಹಿಂದಿನದರ ಹುಡಿ ಬೆರೆತಿರುತ್ತದೆ ಎನ್ನುತ್ತಿದ್ದ. ಆ ಚೆಲ್ಲುವ ಹಿಡಿಯನ್ನು ಪೊಟ್ಟಣ ಕಟ್ಟಿ ತಂದು ಕರಿಬೇವಿನ ಕುಂಡಕ್ಕೆ ಸುರಿಯುತ್ತಿದ್ದ. ಬಾಗಿಲಲ್ಲೇ ನಿಂತು ಅಂಗಿ ಕೊಡವುತ್ತಿದ್ದ. ಕೊಡವಿದಷ್ಟೂ ಕೆಮ್ಮುತ್ತಿದ್ದ.

ಕೆಲಸಕ್ಕೆ ಸೇರಿದ ದಿನವೇ ಅವಳು ಗಿರಣಿಯ ರಿಜಿಸ್ಟರ್ ತೆರೆದಿದ್ದಳು. ಮಾದರಿಯ ನಂಬರು, ತಾರೀಕು, ಜರಡಿಯ ಅಳತೆ, ಎಲ್ಲ ಇಂಗ್ಲಿಷಿನಲ್ಲಿ. ಅಂಚಿನಲ್ಲಿ ಮಾತ್ರ ಪೆನ್ಸಿಲ್ಲಿನ ಸಣ್ಣ ಕನ್ನಡ. ‘ಧೂಳು ಎಳೆಯೋ ಫ್ಯಾನ್ ಕೆಟ್ಟಿದೆ.’ ಮರುದಿನ ‘ಕೆಟ್ಟಿದೆ’. ವಾರದ ಮೇಲೆ ‘ಹೇಳಿದೆ’. ತಿಂಗಳ ಮೇಲೆ ‘ಮತ್ತೆ ಹೇಳಿದೆ’. ಹೀಗೆ ನಾಲ್ಕು ವರ್ಷ. ಕೊನೆಯ ಪುಟದಲ್ಲಿ, ‘ಇವತ್ತು ಮೆಟ್ಟಿಲ ಮೇಲೆ ಎರಡು ಸಲ ಕೂತೆ.’

ಕಳೆದ ಬೇಸಿಗೆಯಲ್ಲಿ ಅವಳಿಗೂ ಕೆಮ್ಮು ಹಿಡಿಯಿತು. ಗಂಡನ ಸಾವು ಈ ಧೂಳಿನಿಂದಲೇ ಆದದ್ದೆಂದು ದಾಖಲಾಗಲಿ ಎಂದು ಆಗ ಒಂದು ಅರ್ಜಿ ಕೊಟ್ಟಳು. ರಿಜಿಸ್ಟರಿನ ಮಾತನ್ನು ಅದರಲ್ಲಿ ಎತ್ತಲಿಲ್ಲ.

ಹುಲ್ಲನ್ನು ತಟ್ಟೆಯಲ್ಲಿ ಹರಡುತ್ತಿದ್ದಾಗ ಮಹಂತೇಶ್ ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲಿಳಿದು ಬಂದ. ಆಡಳಿತ ವಿಭಾಗದ ಅಧಿಕಾರಿ, ಗೋಪಿನಾಥನ ಸ್ನೇಹಿತ. ಅವಳ ನೌಕರಿಯ ಫೈಲನ್ನು ಟೇಬಲಿನಿಂದ ಟೇಬಲಿಗೆ ಹೊತ್ತು ತಿರುಗಿದವನು ಅವನೇ.

“ಏನ್ ತಂಗಿ, ಮೈಗೆಲ್ಲ ಪೌಡರ್ ಬಳ್ಕೊಂಡು ಮದುವೆಮನೆಗೆ ಹೊರಟ ಹಾಗಿದೀಯ.”

“ಪುಕ್ಕಟೆ ಸಿಗತ್ತೆ ಅಣ್ಣಾ. ನೀವೂ ಸ್ವಲ್ಪ ಹಚ್ಕೊಳಿ.”

ಅವನು ನಕ್ಕು ಒಂದು ಹಾಳೆ ಚಾಚಿದ. “ನಿನ್ನ ಅರ್ಜಿಗೆ ಉತ್ತರ ಹೋಗ್ಬೇಕು. ಗೋಪಿಗೆ ಚಿಕ್ಕಂದಿನಿಂದ ಉಬ್ಬಸ ಇತ್ತು, ದಿಲ್ಲಿ ಹವಾಕ್ಕೆ ಜಾಸ್ತಿ ಆಯ್ತು ಅಂತ ಬರೆದಿದೀನಿ. ಒಪ್ಪಿಗೆ ಅಂತ ಕೆಳಗೆ ಸೈನ್ ಹಾಕು.”

“ಅವರಿಗೆ ಉಬ್ಬಸ ಇರ್ಲಿಲ್ಲ.”

“ಈ ಊರಲ್ಲಿ ಯಾರಿಗಿಲ್ಲ ಹೇಳು? ನವೆಂಬರ್ ಬಂದ್ರೆ ಡೈರೆಕ್ಟರ್ ಸಾಹೇಬ್ರೂ ಕೆಮ್ತಾರೆ.”

“ಇವರು ಜೂನಲ್ಲೂ ಕೆಮ್ತಿದ್ರು.”

ಮಹಂತೇಶ್ ದನಿ ತಗ್ಗಿಸಿದ. “ನೋಡು, ಎರಡು ವರ್ಷದ ಪ್ರೊಬೇಷನ್ ಈ ತಿಂಗಳು ಮುಗಿಯತ್ತೆ. ನೌಕರಿ ಖಾಯಂ ಮಾಡೋ ಫೈಲೂ, ಈ ಕಾಗದಾನೂ ಒಂದೇ ಟೇಬಲಿಗೆ ಹೋಗ್ತವೆ. ಸಿಂಧೂರ ಇನ್ನೂ ಓದ್ತಿದಾಳೆ. ಚಲೋ, ಸೈನ್ ಮಾಡು. ಆ ಹಳೇ ರಿಜಿಸ್ಟರೂ ಕೊಡು, ಈ ವಾರ ಎಲ್ಲ ರದ್ದಿಗೆ ಹಾಕ್ತಿದಾರೆ.”

ಅವಳು ಕೊಡುವ ಮೊದಲೇ ಅವನು ಅದನ್ನು ಕಪಾಟಿನಿಂದ ಎಳೆದುಕೊಂಡು ತೆರೆದ. ಅಂಚಿನ ಮೇಲೆ ಹೆಬ್ಬೆರಳು ನಿಂತಿತು. ಆ ಕಟ್ಟಡದಲ್ಲಿ ಆ ಲಿಪಿ ಓದಬಲ್ಲವರು ಇಬ್ಬರೇ. ಅವನು ಪುಟ ತಿರುವಿದ, ಇನ್ನೊಂದು ತಿರುವಿದ. ಕರವಸ್ತ್ರ ಮೂಗಿನಿಂದ ಜಾರಿದ್ದು ಅವನಿಗೆ ತಿಳಿಯಲಿಲ್ಲ.

‘ಮಹಂತೇಶಣ್ಣನಿಗೆ ಹೇಳಿದೆ. ನೋಡೋಣ ಬಿಡು ಅಂದರು.’

ಅರ್ಜಿಯಲ್ಲಿ ಅವಳು ರಿಜಿಸ್ಟರಿನ ಮಾತೆತ್ತದಿದ್ದುದು ಈ ಒಂದು ಸಾಲಿಗಾಗಿ.

“ಇದನ್ನ ಓದಿದೀಯ?”

“ಮೊದಲನೇ ದಿನಾನೇ.”

ಎರಡು ವರ್ಷ ಅವಳು ಅಣ್ಣಾ ಎಂದೇ ಕರೆದಿದ್ದಳು. ಕಾರಹುಣ್ಣಿಮೆಗೆ ಹೋಳಿಗೆ ಕೊಟ್ಟು ಕಳಿಸಿದ್ದಳು. ಅವನು ಸ್ಟೂಲಿನ ಮೇಲೆ ಕುಳಿತ.

“ನಾನು ಬರೆದು ಕಳ್ಸಿದ್ದೆ ತಂಗಿ. ಮೇಲಿಂದ ಮಂಜೂರಾಗ್ಲಿಲ್ಲ. ಒಂದ್ಸಲ ಬರೆದೆ.”

“ಅವರು ಎಷ್ಟು ಸಲ ಬರೆದಿದಾರೆ, ಎಣಿಸಿ ನೋಡಿ.”

ಅವನು ರಿಜಿಸ್ಟರ್ ಮುಚ್ಚಿದ. ಅವಳು ಅವನ ಕೈಯಿಂದ ರಿಜಿಸ್ಟರನ್ನು ಬಿಡಿಸಿಕೊಂಡು, ಸೆರಗಿನಿಂದ ರಟ್ಟಿನ ಧೂಳೊರೆಸಿ ಕಂಕುಳಿಗೆ ಸೇರಿಸಿದಳು. ಸೈನಿಲ್ಲದ ಹಾಳೆ ಹುಲ್ಲಿನ ಮೇಲೆ ಬಿದ್ದಿತ್ತು.

“ಎಲ್ಲಿಗೆ?”

“ಮೇಲಕ್ಕೆ. ಡೈರೆಕ್ಟರಿಗೆ ಹಿಂದೀಲಿ ಓದಿ ಹೇಳ್ತೀನಿ. ತಪ್ಪಾದ್ರೆ ನೀವು ತಿದ್ದಿ.”

“ನಿನ್ನ ನೌಕರಿ ಹೋಗತ್ತೆ, ಕೇಳು. ಫ್ಯಾನು ಈ ತಿಂಗಳೇ ಹಾಕಿಸ್ತೀನಿ, ನಾನೇ ನಿಂತು ಹಾಕಿಸ್ತೀನಿ, ನಿನಗಾದ್ರೂ—”

ಅವಳು ಆಗಲೇ ಮೆಟ್ಟಿಲೇರುತ್ತಿದ್ದಳು. ಆರನೆಯದರಲ್ಲಿ ಕೆಮ್ಮು ಬಂತು. ಗೋಡೆಗೆ ಕೈ ಊರಿ ನಿಂತಳು. ಕೆಳಗೆ ಅವನು ಇನ್ನೂ ಮಾತಾಡುತ್ತಲೇ ಇದ್ದ. ಉಸಿರು ತಿರುಗಿದ ಮೇಲೆ, ಕೂರದೆ, ಏಳನೆಯ ಮೆಟ್ಟಿಲಿಗೆ ಕಾಲಿಟ್ಟಳು.