ಮುಂದಿನ ಸೀಟಿನಲ್ಲಿ ಅತ್ತೆ

ನಮ್ಮತ್ತೆ ಎಷ್ಟು ಕುಳ್ಳಗಿದ್ದರೆಂದರೆ, ಕಾರಿನ ಮುಂದಿನ ಸೀಟಿನಲ್ಲಿ ಕೂತರೆ ಎದುರಿನಿಂದ ಬರುವವರಿಗೆ ಅವರ ವಿಭೂತಿ ಹಚ್ಚಿದ ಹಣೆ, ನರೆತ ಕೂದಲು ಇಷ್ಟೇ ಕಾಣುತ್ತಿತ್ತು. ರಸ್ತೆ ಕಾಣಲೆಂದು ಮಡಿಸಿದ ಕಂಬಳಿಯ ಮೇಲೆ ಕೂರುತ್ತಿದ್ದರು. ಬೆನ್ನು ನೆಟ್ಟಗೆ, ಎರಡೂ ಕೈ ತೊಡೆಯ ಮೇಲೆ, ಫೋಟೋ ತೆಗೆಸಿಕೊಳ್ಳುವವರ ಹಾಗೆ.

ಆ ಕಾರು ನನ್ನದು. ನಮ್ಮ ಮನೆ ಶಿವಮೊಗ್ಗದ ನವುಲೆಯಲ್ಲಿ, ನನ್ನ ಕೆಲಸ ಭದ್ರಾವತಿಯ ಹೈಸ್ಕೂಲಿನಲ್ಲಿ. ಎರಡು ಸಾವಿರದ ಇಸವಿಯ ಆಸುಪಾಸು. ಬಸ್ಸಿನಲ್ಲಿ ನಿಂತು ಓಡಾಡಿ ಸಾಕಾಗಿ, ನನ್ನ ಸಂಬಳದಲ್ಲೇ ಕೊಂಡ ಬಿಳಿಯ ಸೆಕೆಂಡ್ ಹ್ಯಾಂಡ್ ಕಾರು. ಲೈಸೆನ್ಸೂ ಆಗಿತ್ತು. ಆದರೆ ಪಕ್ಕದಲ್ಲಿ ಗಂಡ ಕೂತರೆ ಕೈಕಾಲು ಆಡುತ್ತಿರಲಿಲ್ಲ. ಒಂದು ದಿನ ಗೇಟಿಗೆ ಗುದ್ದಿದೆ. "ನಿಂಗೆ ಇದೆಲ್ಲ ಆಗೋದಲ್ಲ ಬಿಡು" ಎಂದರು. ಕೀಲಿಯನ್ನು ಮೊಳೆಗೆ ನೇತುಹಾಕಿ ಮತ್ತೆ ಬಸ್ಸು ಹಿಡಿದೆ.

ಧೂಳು ಹಿಡಿದ ಕಾರಿನ ಮೇಲೆ ಬೀದಿಯ ಬೆಕ್ಕು ಮಲಗತೊಡಗಿತು. ಒಂದು ಭಾನುವಾರ ಅತ್ತೆ ಇಸ್ತ್ರಿ ಸೀರೆಯುಟ್ಟು ಬಂದು ನಿಂತರು.

"ನಡಿ, ಭದ್ರಾವತಿಗೆ ಹೋಗಿ ಬರೋಣ."

"ಧೈರ್ಯ ಇಲ್ಲ ಅತ್ತೆ."

"ನಂಗೆ ಡ್ರೈವಿಂಗ್ ಬರಲ್ಲ. ಹಂಗಾಗಿ ಬೈಯೋಕೂ ಬರಲ್ಲ. ನಡಿ ಮಾರಾಯ್ತಿ."

ತುಂಗಾ ಸೇತುವೆಯ ಮೇಲೆ ಕಾರು ನಿಂತುಬಿಟ್ಟಿತು. ಹಿಂದೆ ಬಸ್ಸಿನ ಹಾರ್ನು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಹೊಸಬ್ಳು ಕಣಪ್ಪ. ನೀನೂ ಒಂದಿನ ಕಲ್ತೋನೇ ಅಲ್ವಾ, ತಡಿ" ಎಂದರು. ಆಮೇಲೆ ಹೊಳೆಯ ಕಡೆ ತಿರುಗಿ, "ನೀರು ಬಂದಿದೆ ನೋಡು" ಎಂದರು, ಅಷ್ಟೇ. ಕಾರು ಸ್ಟಾರ್ಟ್ ಆಯಿತು.

ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಸಾಲಿನ ಒಂದು ಮನೆಯ ಮುಂದೆ ನಿಲ್ಲಿಸಲು ಹೇಳಿದರು. ಮಾವ ಕೆಲಸದಲ್ಲಿದ್ದಾಗ ಅವರ ಸಂಸಾರ ಇದ್ದ ಮನೆ ಅದು. ಅಂಗಳದಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. ಅತ್ತೆ ಇಳಿಯಲಿಲ್ಲ.

"ಇದೇ ರೋಡಲ್ಲಿ ನಿಮ್ಮ ಮಾವ ನಂಗೆ ಸೈಕಲ್ ಕಲಿಸ್ತಿದ್ರು. ಒಂದ್ಸಲ ಬಿದ್ದೆ, ಜನ ನಕ್ರು. ಇವ್ರು ಸಿಟ್ಟಾಗಿ ಸೈಕಲ್ ತಗೊಂಡು ಒಳಗೆ ಹೋದ್ರು. 'ಮತ್ತೆ ಹತ್ತು' ಅನ್ನೋರು ಯಾರೂ ಇರ್ಲಿಲ್ಲ."

ಆಮೇಲೆ ಪ್ರತಿ ಭಾನುವಾರವೂ ನಮ್ಮಿಬ್ಬರ ಸವಾರಿ. ಗಾಜನೂರಿನ ಡ್ಯಾಮಿಗೆ ಹೋಗಿ ಹುರಿಗಡಲೆ ತಿಂದು ಬಂದದ್ದಕ್ಕೆ ಲೆಕ್ಕವಿಲ್ಲ. ನೆಂಟರ ಮುಂದೆ ಅವರು "ನಮ್ಮ ಕಾರು" ಎನ್ನುತ್ತಿರಲಿಲ್ಲ, "ನಮ್ಮ ಸೊಸೆ ಕಾರು" ಎನ್ನುತ್ತಿದ್ದರು. ನನ್ನ ಕೈ ಪಳಗಿದ್ದು ಕಂಡಮೇಲೆ ಒಂದು ಬೆಳಿಗ್ಗೆ, "ಇವತ್ತು ಸ್ಕೂಲಿಗೆ ಕಾರಲ್ಲೇ ಹೋಗು. ಒಬ್ಳೇ ಹೋಗು, ನಂಗೆ ಕೆಲ್ಸ ಇದೆ" ಎಂದರು. ಅವರಿಗೆ ಯಾವ ಕೆಲಸವೂ ಇರಲಿಲ್ಲ. ಸಂಜೆ ನಾನು ತಿರುಗಿ ಬರುವಾಗ ಬೀದಿಯ ತುದಿಯಲ್ಲೇ ನಿಂತಿದ್ದರು.

ಕೆಲವು ವರ್ಷಗಳ ಮೇಲೆ ಅವರ ಹೃದಯ ಸೋತಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ದಿನ, ಆಂಬ್ಯುಲೆನ್ಸ್ ತರುತ್ತೇನೆಂದು ಹೊರಟ ಮಗನನ್ನು ತಡೆದರು. "ಅವಳು ಓಡಿಸ್ತಾಳೆ. ನೀನು ಹಿಂದೆ ಕೂರು."

ಮನೆ ಬಂತು. ಬ್ರೇಕ್ ಒತ್ತಿದೆ. ಅತ್ತೆ ಕಣ್ಣು ತೆರೆಯದೆ, "ನಿಲ್ಲಿಸ್ಬೇಡ. ಇನ್ನೊಂದ್ ಸುತ್ತು ಹೋಗೋಣ" ಎಂದರು. ಕೃಷಿ ಕಾಲೇಜಿನ ಕಡೆಗೆ ನಿಧಾನವಾಗಿ ಓಡಿಸಿದೆ.

ಆ ತಿಂಗಳು ಮುಗಿಯುವುದರೊಳಗೆ ಅತ್ತೆ ಹೋದರು. ಆ ಕಾರನ್ನೂ ಮಾರಿ ಎಷ್ಟೋ ಕಾಲವಾಯಿತು. ಅವತ್ತು ಒಂದೇ ಸುತ್ತಿಗೆ ಮನೆಗೆ ಯಾಕೆ ತಿರುಗಿಸಿದೆನೋ ಎಂದು ಈಗಲೂ ಅನಿಸುತ್ತದೆ.