ಉಷ್ಣ ಅಲ್ಲ ಅತ್ತೆ, ಸೋಂಕು

ಆರನೇ ತಿಂಗಳು ನಡೆಯುವಾಗ ನನಗೆ ಬಸ್ಸಿನಲ್ಲಿ ಯಾರ ಪಕ್ಕದಲ್ಲೂ ಕೂರಲಾಗದ ಸ್ಥಿತಿ ಬಂತು. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ, ಗಾಳಿ ಬರುವ ಕಡೆ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಕಂಡಕ್ಟರ್ ಪಾಪ, "ಅಮ್ಮಾ, ಹೊಟ್ಟೇಲಿ ಮಗ ಇಟ್ಕಂಡು ಹಿಂಗ್ ನಿಂತ್ಕಂಡ್ರೆ ಹೆಂಗೆ?" ಎಂದು ಗದರುತ್ತಿದ್ದ. ಅವನಿಗೆ ಏನೆಂದು ಹೇಳಲಿ?

ನಾವಾಗ ಮಧುಗಿರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಕೊರಟಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನ್ನ ಗಂಡ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಶಿಯನ್. ಅವರ ಊರು ವಳ್ಳೂರಿನ ಪಕ್ಕ. ನಾನು ಬಸುರಿ ಎಂದು ತಿಳಿದ ಮೇಲೆ ಅತ್ತೆ ಅಲ್ಲಿಂದ ಬಂದು ನಮ್ಮ ಜೊತೆಗೇ ಉಳಿದಿದ್ದರು.

ಬಸುರಿಯರಿಗೆ ಬಿಳಿ ಹೋಗುವುದು ಇದ್ದದ್ದೇ ಎಂದು ನನಗೂ ಗೊತ್ತಿತ್ತು. ಆದರೆ ಇದು ಬೇರೆ. ತೆಳ್ಳಗೆ, ಬೂದಿ ಬಣ್ಣ. ವಾಸನೆ ಮಾತ್ರ ಸಂತೆ ಮುಗಿದ ಮೇಲಿನ ಮೀನಿನಂಗಡಿಯದು. ಸ್ನಾನ ಮಾಡಿ ಸೀರೆ ಉಟ್ಟು ಹೊರಡುವಷ್ಟರಲ್ಲಿ ಮತ್ತೆ ಅದೇ. ಸೋಪು ಹಾಕಿ ತೊಳೆದೆ. ಬಿಸಿನೀರಿಗೆ ಗಾಯ ತೊಳೆಯುವ ಔಷಧಿ ಬೆರೆಸಿ ತೊಳೆದೆ. ತೊಳೆದಷ್ಟೂ ಹೆಚ್ಚಾಯಿತು.

ಕೊನೆಗೆ ತಡೆಯಲಾರದೆ ಅತ್ತೆಯ ಮುಂದೆ ಬಾಯಿಬಿಟ್ಟೆ. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ.

"ಉಷ್ಣ ಕಣಮ್ಮ ಅದು. ಆ ಸ್ಕೂಲು, ಆ ಬಸ್ಸು, ಆ ಬಿಸ್ಲು. ಇನ್ನೇನಾಯ್ತದೆ?"

ಅವತ್ತಿನಿಂದ ನನ್ನ ಊಟದ ಮೇಲೆ ದಾಳಿ ಶುರುವಾಯಿತು. ಮೊಟ್ಟೆ ನಿಂತಿತು. ಪರಂಗಿ ಮೊದಲೇ ನಿಂತಿತ್ತು, ಈಗ ಮಾವಿನಹಣ್ಣೂ ನಿಂತಿತು. ಬೆಳಿಗ್ಗೆ ಬಾರ್ಲಿ ನೀರು, ಮಧ್ಯಾಹ್ನ ಮಜ್ಜಿಗೆ, ಸಂಜೆ ಕಾಮಕಸ್ತೂರಿ ಬೀಜದ ಪಾನಕ. ಹೊಟ್ಟೆಯೊಳಗೆ ಕೆರೆ ತುಂಬಿದ ಹಾಗಾಗಿ, ಪಾಠದ ನಡುವೆ ಪದೇ ಪದೇ ಶೌಚಾಲಯಕ್ಕೆ ಓಡುವುದಾಯಿತೇ ಹೊರತು ವಾಸನೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಗಂಡನಿಗೆ ಹೇಳಿದರೆ ಅವರು ಮುಖ ಕೆಂಪಗೆ ಮಾಡಿಕೊಂಡು, "ಅಮ್ಮನ್ನ ಕೇಳು," ಎಂದರು. ಇಡೀ ಪಾರ್ಕಿನ ಇನ್ವರ್ಟರುಗಳಲ್ಲಿ ಎಲ್ಲಿ ದೋಷವಿದೆ ಎಂದು ಕುಳಿತಲ್ಲೇ ಪತ್ತೆ ಹಚ್ಚುವ ಮನುಷ್ಯ!

ಸ್ಕೂಲಿನಿಂದ ಬರುವಾಗ ಒಂದು ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನ ಮುಂದೆ ನಾಲ್ಕಾರು ಗಂಡಸರು. ಅವರು ಹೋಗಲಿ ಎಂದು ಕಾದೆ. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಬಿಳಿ ಹೋಗುತ್ತೆ, ವಾಸನೆ ಇದೆ," ಎಂದೆ. ಅಂಗಡಿಯವನು ತಗ್ಗಿಸಬೇಕಲ್ಲ? "ತುರಿಕೆ ಐತಾ ಮೇಡಂ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಇಲ್ಲ ಎಂದೆ. ಇಲ್ಲ ಎಂದರೂ ತುರಿಕೆಯ ಕ್ರೀಮನ್ನೇ ಕೊಟ್ಟ. ಹಚ್ಚಿಕೊಂಡು ಮುಗಿಸಿದೆ. ಉರಿ ಬಂತು, ವಾಸನೆ ಹೋಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಒಂದು ದಿನ ಅಳು ಬಂದುಬಿಟ್ಟಿತು. ಶಿರಾದಿಂದ ಓಡಾಡುತ್ತಿದ್ದ ಹಿಂದಿ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಎಲ್ಲ ಕೇಳಿ, "ಇಷ್ಟ್ ದಿನ ಯಾಕ್ ಸುಮ್ನಿದ್ರಿ? ನಮ್ಮೂರಲ್ಲಿ ಒಬ್ರು ಲೇಡಿ ಡಾಕ್ಟರ್ ಅವ್ರೆ, ಬನ್ನಿ," ಎಂದು ಆ ಶನಿವಾರವೇ ಕರೆದುಕೊಂಡು ಹೋದರು.

ಆ ಡಾಕ್ಟರಿಗೆ ನನ್ನಮ್ಮನ ವಯಸ್ಸು. ಪರೀಕ್ಷೆ ಮಾಡಿದರು. ಒಂದು ಕಾಗದದ ಪಟ್ಟಿಗೆ ಸ್ರಾವ ತಾಗಿಸಿ ಬಣ್ಣ ನೋಡಿದರು, ಗಾಜಿನ ಮೇಲೆ ಒರೆಸಿ ಲ್ಯಾಬಿಗೆ ಕೊಟ್ಟರು. ರಿಪೋರ್ಟ್ ಬಂದ ಮೇಲೆ ನೇರವಾಗಿ ಹೇಳಿದರು:

"ಇದು ಯೋನಿಯ ಸೋಂಕು, ಬ್ಯಾಕ್ಟೀರಿಯಾದ್ದು. ಅಲ್ಲಿ ಒಳ್ಳೆ ಬ್ಯಾಕ್ಟೀರಿಯಾನೂ ಇರ್ತವೆ. ಅವು ಕಮ್ಮಿಯಾಗಿ ಬೇರೆಯವು ಜಾಸ್ತಿಯಾಗಿವೆ. ಕೊಳಕಿನಿಂದ ಬಂದಿದ್ದಲ್ಲ. ನೀವು ಸೋಪು, ಔಷಧಿ ಹಾಕಿ ತೊಳೆದು ತೊಳೆದು ಇರೋ ಒಳ್ಳೆಯವನ್ನೂ ಓಡಿಸ್ತಿದೀರ. ಬರೀ ನೀರು ಸಾಕು, ಅದೂ ಹೊರಗಡೆ ಮಾತ್ರ."

"ಮಗೂಗೆ ಏನಾದ್ರೂ...?"

"ಹಾಗೇ ಬಿಟ್ರೆ ಕೆಲವರಿಗೆ ನೀರು ಬೇಗ ಒಡೆಯಬಹುದು, ದಿನ ತುಂಬೋಕೆ ಮುಂಚೆನೇ ಹೆರಿಗೆ ಆಗ್ಬಹುದು. ಎಲ್ಲರಿಗೂ ಆಗುತ್ತೆ ಅಂತಲ್ಲ. ಅದಕ್ಕೇ ಮಾತ್ರೆ ಕೊಡ್ತಿದೀನಿ. ಬಸುರಿಯರು ತಗೋಬಹುದಾದ ಮಾತ್ರೆ. ಒಂದು ವಾರ, ಬೆಳಿಗ್ಗೆ ರಾತ್ರಿ, ಊಟ ಆದ್ಮೇಲೆ. ವಾಸನೆ ಹೋಯ್ತು ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ."

ಮಾತ್ರೆ ನುಂಗಿದರೆ ನಾಲಿಗೆಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ರುಚಿ ಕೂರುತ್ತಿತ್ತು. ಹೊಟ್ಟೆ ತೊಳೆಸುತ್ತಿತ್ತು. ಆದರೂ ಎರಡು ಮೂರು ದಿನಕ್ಕೇ ವಾಸನೆ ಇಳಿಯಿತು. ಬಹಳ ದಿನಗಳ ಮೇಲೆ ಬಸ್ಸಿನಲ್ಲಿ ಸೀಟಿಗೆ ಒರಗಿ ಕುಳಿತು ಬಂದೆ. ಮನೆಗೆ ಬಂದು ನೋಡಿದರೆ ಮಾತ್ರೆ ಇಲ್ಲ.

"ಚರಂಡಿಗೆ ಎಸ್ದೆ," ಎಂದರು ಅತ್ತೆ, ಸೊಪ್ಪು ಸೋಸುತ್ತಾ. "ಬಸುರಿ ಹೆಂಗ್ಸು ಅಂಥಾ ಮಾತ್ರೆ ತಿಂತಾರಾ? ವದ್ದಮ್ಮ, ಬ್ಯಾಡ. ನೀನು ವಾಂತಿ ಮಾಡ್ಕಳದು ನಾನ್ ನೋಡ್ನಿಲ್ವಾ? ಮಗೀಗೆ ಏನಾನ ಆದ್ರೆ?"

ಗಂಡ ಮೊಬೈಲ್ ಹಿಡಿದು ಅವರ ಪರ ನಿಂತರು. "ಇಲ್ಲೂ ಹಂಗೇ ಬರ್ದವ್ರೆ ನೋಡು. ಮೊದಲ ಮೂರು ತಿಂಗಳು ಹುಷಾರು ಅಂತ."

"ರೀ, ನನಗೀಗ ಎಷ್ಟನೇ ತಿಂಗಳು?"

ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ನಾನು ಕೊರಟಗೆರೆಯ ತವರಿಗೆ ಫೋನು ಮಾಡಿ ಅಮ್ಮನ ಮುಂದೆ ಗೋಳು ತೋಡಿಕೊಂಡರೆ, ನನ್ನ ಸ್ವಂತ ಅಮ್ಮ, "ನಿಮ್ಮತ್ತೆ ಹೇಳಾದ್ರಲ್ಲೂ ನ್ಯಾಯ ಐತೆ ಕಣೇ," ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಸುರಿಯ ತಲೆ ಎಂದು ಅದಕ್ಕೂ ಯಾರಾದರೂ ಅಡ್ಡ ಬರುತ್ತಿದ್ದರೇನೋ.

ಮಾರನೇ ದಿನ ರಜೆ ಹಾಕಿದೆ. "ಇಬ್ಬರೂ ನನ್ನ ಜೊತೆ ಡಾಕ್ಟರ ಹತ್ತಿರ ಹೊರಡಿ. ಇಲ್ಲದಿದ್ದರೆ ನಾನು ಈ ಮನೆಯಲ್ಲಿ ಒಂದು ಲೋಟ ಬಾರ್ಲಿ ನೀರನ್ನೂ ಕುಡಿಯುವುದಿಲ್ಲ," ಎಂದೆ. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಡಾಕ್ಟರು ಯೋನಿ ಎಂಬ ಪದವನ್ನು ಮಂಡಿ, ಮೊಣಕೈ ಎನ್ನುವಷ್ಟೇ ಸಲೀಸಾಗಿ ನನ್ನ ಗಂಡನ ಮುಖ ನೋಡಿಕೊಂಡೇ ಹೇಳಿದರು. ಇವರ ಕಿವಿಗಳು ಕೆಂಪಾದವು. "ಮೂತ್ರಕ್ಕೆ ಸೋಂಕಾದ್ರೆ ಮಾತ್ರೆ ಕೊಡಿಸ್ತಿರ್ಲಿಲ್ವೇನ್ರೀ? ಇದೂ ಹಾಗೇ. ಮಾತ್ರೆ ತಗೊಂಡ್ರೆ ಅಲ್ಲ, ತಗೊಳ್ಳದಿದ್ರೆ ಭಯ ಪಡ್ಬೇಕು." ಗಂಡ ತಲೆಯಾಡಿಸಿ, ಹೊಸ ಚೀಟಿ ಹಿಡಿದು, ಬಚಾವಾದೆ ಎಂಬಂತೆ ಮಾತ್ರೆ ತರಲು ಹೊರಗೋಡಿದರು.

ಬಾಗಿಲು ಮುಚ್ಚಿದ ಮೇಲೆ ಅತ್ತೆ ಕುರ್ಚಿಯ ಅಂಚಿಗೆ ಸರಿದರು.

"ಡಾಕ್ಟ್ರಮ್ಮ, ನಂಗೂ ಇಂಗೇ ಆಗಿತ್ತು. ಇವ್ನಿಗಿಂತ ಮುಂಚೆ ಒಂದು ಹೆಣ್ಮಗಾ. ಏಳು ತಿಂಗ್ಳು ತುಂಬೋದ್ರೊಳಗೇ ನೀರೊಡ್ದು ಹೆರ್ಗೆ ಆಗೋಯ್ತು. ಒಂದಿನ ಬದುಕಿತ್ತು. ಮೈಲ್ಗೆ ವಾಸ್ನೆ ಬತ್ತದೆ ಅಂತ ನಮ್ಮತ್ತೆ ಒಲೆ ಹತ್ರ ಸೇರಿಸ್ತಿರ್ನಿಲ್ಲ. ದೃಷ್ಟಿ ಅಂದ್ರು, ಉಷ್ಣ ಅಂದ್ರು. ಅದೂ ಇದೇನಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇರಬಹುದು, ಇಲ್ಲದೇನೂ ಇರಬಹುದು. ಈಗ ಹೇಳೋಕಾಗಲ್ಲಮ್ಮ. ನಿಮ್ಮ ತಪ್ಪಂತೂ ಅಲ್ಲ," ಎಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಂಡೆ. ಹೊರಗೆ ಬಂದ ಕೂಡಲೇ ಕೈ ಬಿಡಿಸಿಕೊಂಡು, "ಅವ್ನಿಗೆ ಹೇಳ್ಬ್ಯಾಡ," ಎಂದರು.

ಆ ಸಲ ಮಾತ್ರೆಯನ್ನು ಅವರೇ ಹೊತ್ತಿಗೆ ಸರಿಯಾಗಿ ಕೊಟ್ಟರು. ನಾನು ನುಂಗಿ ಬಾಯಿ ತೆರೆದು ತೋರಿಸುವವರೆಗೂ ಕದಲುತ್ತಿರಲಿಲ್ಲ. ಅದೂ ಒಂದು ಹಿಂಸೆಯೇ. ವಾರ ಮುಗಿಯಿತು. ವಾಸನೆ ಮತ್ತೆ ಬರಲಿಲ್ಲ. ಸೀಮಂತದ ದಿನ ಬಂದ ನೆಂಟರ ಹುಡುಗಿಯೊಬ್ಬಳು ಅಡಿಗೆಮನೆಯಲ್ಲಿ ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. "ಡಾಕ್ಟ್ರತ್ರ ಹೋಗಮ್ಮ," ಎಂದರು ಅತ್ತೆ. ನನಗೆ ಖುಷಿಯಾಯಿತು. ಮರುಕ್ಷಣವೇ, "ಹಂಗೇ ಒಸಿ ಬಾರ್ಲಿ ನೀರು ಕುಡಿ," ಎಂದರು.

ಬೇಗ ಹೆರಿಗೆಯಾದೀತೆಂದು ನಾನು ಅಷ್ಟೆಲ್ಲ ಹೆದರಿದ್ದೆನಲ್ಲ, ಡಾಕ್ಟರು ಕೊಟ್ಟ ತಾರೀಖು ದಾಟಿದರೂ ಮಗಳು ಬರಲಿಲ್ಲ. ಬೆಳಗಾದರೆ ಫೋನು. ಚಿಕ್ಕಮ್ಮ, ದೊಡ್ಡಮ್ಮ, ಹೆಡ್‌ಮೇಷ್ಟ್ರು, ಗಂಡನ ಜೊತೆ ಕೆಲಸ ಮಾಡುವವರ ಹೆಂಡತಿಯರು. "ಇನ್ನೂ ಆಗಿಲ್ವಾ?" ಎಂದು ಎಲ್ಲರದೂ ಒಂದೇ ಪ್ರಶ್ನೆ, ನಾನೇನೋ ಬೇಕೆಂದೇ ಹಿಡಿದಿಟ್ಟುಕೊಂಡ ಹಾಗೆ. ಕೊನೆಗೆ ಒಂದು ಮಧ್ಯಾಹ್ನ ಅವಳು ದುಂಡುದುಂಡಗೆ ಹುಟ್ಟಿ, ಆಸ್ಪತ್ರೆಯೇ ಹಾರಿಹೋಗುವಂತೆ ಅತ್ತಳು. ಅತ್ತೆ ಅವಳನ್ನು ಎತ್ತಿಕೊಂಡು ಬಹಳ ಹೊತ್ತು ಯಾರ ಕೈಗೂ ಕೊಡಲಿಲ್ಲ, ನನಗೂ ಸಹ.